ಆಫೀಸಲ್ಲಿ "ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ" ಅಂದಿದ್ದು ತಪ್ಪಾ?

ಕೌಂಟರ್_ನಾಲ್ಕು:
ನಮಸ್ಕಾರ ಎಲ್ಲರಿಗೂ. ತುಂಬಾ ದಿನದಿಂದ ಸುಮ್ನೆ ಓದಿಕೊಂಡಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಬ್ಯಾಂಕ್ ಉದ್ಯೋಗಿ. ಸಣ್ಣ ಊರು, ಹದಿನಾಲ್ಕು ಜನ ಸ್ಟಾಫ್, ಅದರಲ್ಲಿ ಕ್ರೈಸ್ತಳು ನಾನೊಬ್ಬಳೇ. ಇಲ್ಲಿಗೆ ಬಂದು ಆರು ವರ್ಷ, ಯಾರ ಜೊತೆಗೂ ತಕರಾರಿಲ್ಲ. ಹೋದ ತಿಂಗಳು ಪಕ್ಕದ ಕೌಂಟರಿನ ಅಕ್ಕನ ತಾಯಿ ತೀರಿಕೊಂಡರು. ಫೋನ್ ಬಂದಾಗ ಅಕ್ಕ ಕೌಂಟರಿನಲ್ಲೇ ಇದ್ದರು. ಎಣಿಸುತ್ತಿದ್ದ ನೋಟಿನ ಕಟ್ಟನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ನಾನು ಹೋಗಿ ಕೈ ಹಿಡಿದುಕೊಂಡೆ. ಬಾಯಿಗೆ ಬಂದಿದ್ದು ಒಂದೇ ಮಾತು, "ಅಕ್ಕಾ, ನಿಮಗೋಸ್ಕರ ಪ್ರಾರ್ಥನೆ ಮಾಡ್ತೀನಿ." ಹಿಂದಿನಿಂದ ಒಬ್ಬರು, "ಏನ್ ಮೇಡಂ, ಇಲ್ಲೂ ಶುರು ಹಚ್ಕೊಂಡ್ರಾ?" ಅಂದರು. ತಮಾಷೆಗೇ ಅಂದಿರಬಹುದು. ಇಬ್ಬರು ಮೂವರು ನಕ್ಕರು. ಅಕ್ಕ ಏನೂ ಅನ್ನಲಿಲ್ಲ, ಬ್ಯಾಗ್ ತಗೊಂಡು ಹೊರಟರು.

ಅವತ್ತಿಂದ ನನ್ನ ಬಾಯಿ ಕಟ್ಟಿಹೋಗಿದೆ. ನಂಬಿಕೆಯ ವಿಷಯ ಹಾಗಿರಲಿ, "ದೇವರಿದ್ದಾನೆ ಬಿಡಿ" ಅನ್ನುವುದಕ್ಕೂ ಹಿಂದೆ ಮುಂದೆ ನೋಡುತ್ತೇನೆ. ನಾನು ಯಾರಿಗೂ ಬೋಧನೆ ಮಾಡಿದವಳಲ್ಲ. ಆದರೆ ಭಾನುವಾರ ಒಂದು ನಾನು, ಸೋಮವಾರ ಇನ್ನೊಂದು ನಾನು ಆಗುವುದಕ್ಕೂ ಮನಸ್ಸಿಲ್ಲ. ಅಕ್ಕ ಬರುವ ಸೋಮವಾರ ಕೆಲಸಕ್ಕೆ ವಾಪಸ್ ಬರುತ್ತಾರೆ. ಏನು ಮಾತಾಡಲಿ? ದಿನದ ಮಾತುಕತೆಯಲ್ಲಿ ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಕೆಂಪು_ಹೆಂಚು:
ತಪ್ಪೇನಿಲ್ಲ. ನಾವು ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು ಥ್ಯಾಂಕ್ಸ್ ಹೇಳುವುದೇ "ದೇವ್ ಬರೆಂ ಕರುಂ" ಅಂತ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಸಂಜೆ ತೆರ್ಸ್ ಮುಗಿದ ಮೇಲೆ (ಜಪಸರಕ್ಕೆ ನಾವು ಹಾಗನ್ನುತ್ತೇವೆ) ಮಕ್ಕಳು ದೊಡ್ಡವರ ಹತ್ತಿರ ಹೋಗಿ "ಬೆಸಾಂವ್" ಕೇಳುತ್ತಾರೆ, ಅಂದರೆ ಆಶೀರ್ವಾದ. ನನ್ನ ಅಜ್ಜಿ ಮೀನು ತರುವ ಹೆಂಗಸಿಗೂ "ದೇವರು ಒಳ್ಳೇದು ಮಾಡ್ಲಿ" ಅಂದೇ ದುಡ್ಡು ಕೊಡುತ್ತಿದ್ದರು, ಆಮೇಲೆ ಬಂಗುಡೆ ಚಿಕ್ಕದಾಯಿತು ಅಂತ ಜಗಳವನ್ನೂ ಆಡುತ್ತಿದ್ದರು. ಯಾರೂ ಅದನ್ನು ಪ್ರಚಾರ ಅಂದುಕೊಂಡಿರಲಿಲ್ಲ. ನೀವು ಒಬ್ಬರೇ ಇರುವ ಕಡೆ ಕಷ್ಟ, ಅದು ನಿಜ.

ಬೆಳಗಿನ_ಜಾವ:
ಕ್ಷಮಿಸಿ, ನಾನು ಒಪ್ಪುವುದಿಲ್ಲ. ದೇವರು ಒಳ್ಳೆಯದು ಮಾಡಲಿ ಅಂತ ಯಾರು ಬೇಕಾದರೂ ಅನ್ನುತ್ತಾರೆ. ಅದರಲ್ಲಿ ಯೇಸು ಎಲ್ಲಿದ್ದಾನೆ? ಸಿಸ್ಟರ್, ನೀವು ಹೇಳಿದ್ದು ಸರಿ, ಆದರೆ ಅರ್ಧಕ್ಕೆ ನಿಲ್ಲಿಸಿದಿರಿ. ಯಾರ ಹತ್ತಿರ ಪ್ರಾರ್ಥನೆ ಮಾಡುತ್ತೀರಿ ಅಂತಲೂ ಹೇಳಬೇಕಿತ್ತು. ಸಾರುವವನಿಲ್ಲದೆ ಕೇಳುವುದು ಹೇಗೆ ಅಂತ ಬೈಬಲಿನ ರೋಮಾಪುರದವರಿಗೆ ಬರೆದ ಪತ್ರ 10:14ರಲ್ಲೇ ಇದೆ.

ನಾನು ಹನ್ನೊಂದು ವರ್ಷ ಕುಡಿದವನು. ಮನೆಯಲ್ಲಿ ಪಾತ್ರೆ ಉಳಿದಿರಲಿಲ್ಲ. ಗ್ಯಾರೇಜಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಅಣ್ಣ ಒಬ್ಬರು ಬಾಯಿಬಿಟ್ಟು ಹೇಳಿದರು. ನಾನು ಬೈದೆ, ಒಂದು ಸಲ ಸ್ಪ್ಯಾನರ್ ಎಸೆದೆ. ಮರುದಿನ ಮತ್ತೆ ಬಂದು ಹೇಳಿದರು. ಅವರು ನಾಚಿಕೊಂಡು ಸುಮ್ಮನಿದ್ದಿದ್ದರೆ ನಾನು ಇವತ್ತು ಎಲ್ಲಿ ಬಿದ್ದಿರುತ್ತಿದ್ದೆನೋ.

ಕೆಂಪು_ಹೆಂಚು:
ಸ್ಪ್ಯಾನರ್ ತಾಗಿತಾ?

ಬೆಳಗಿನ_ಜಾವ:
ಇಲ್ಲ. ದೇವರ ದಯೆ. ಕುಡಿದಿದ್ದೆನಲ್ಲ, ಗುರಿ ಎಲ್ಲಿ ಬರಬೇಕು.

ಹಳೇ_ಹಾರ್ಮೋನಿಯಂ:
ತಮ್ಮಾ ಬೆಳಗಿನ ಜಾವ, ನಿನ್ನ ಕಥೆ ಓದಿ ಖುಷಿಯಾಯಿತು. ಆದರೆ ಒಂದು ಮಾತು. ಆ ಅಣ್ಣ ದಿನಾ ನಿನ್ನ ಜೊತೆ ಅದೇ ಗ್ಯಾರೇಜಲ್ಲಿ ಗ್ರೀಸು ಮೆತ್ತಿಕೊಂಡು ಕೆಲಸ ಮಾಡುತ್ತಿದ್ದರು. ರಸ್ತೆಯಲ್ಲಿ ನಿಲ್ಲಿಸಿ ಹೇಳಿಹೋದವರಲ್ಲ. ಎರಡೂ ಒಂದೇ ಅಲ್ಲ ನೋಡು.

ನೀನು ರೋಮಾ ಪತ್ರಿಕೆ ತೆಗೆದಿಯಲ್ಲ, ನಾನು 1 ಪೇತ್ರ 3:15 ತೆಗೆಯುತ್ತೇನೆ. ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಅದೂ ಮೆತ್ತಗೆ, ಮರ್ಯಾದೆಯಿಂದ. ಕೇಳುವವರಿಗೆ! ನಮ್ಮವರು ಆ ಪದ ಹಾರಿಸಿ ಓದುತ್ತಾರೆ. ನಲವತ್ತು ವರ್ಷ ಚರ್ಚಿನ ಸಭೆಯಲ್ಲಿ ಹಾರ್ಮೋನಿಯಂ ಬಾರಿಸಿದ್ದೇನೆ, ಕೇಳದವರಿಗೆ ಉತ್ತರ ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು, ನಮ್ಮ ಭಾಷೆ. "ಸಹೋದರರೇ, ರಕ್ಷಣೆ ಹೊಂದಿದ್ದೀರಾ? ಕರ್ತನು ನನಗೆ ಭಾರ ಕೊಟ್ಟಿದ್ದಾನೆ" ಅಂದರೆ ಬಸ್ ಸ್ಟ್ಯಾಂಡಲ್ಲಿ ಕೂತವನಿಗೆ ಏನು ತಿಳಿಯಬೇಕು? ಯಾವ ಭಾರ, ಎಷ್ಟು ಕಿಲೋ ಅನ್ನುತ್ತಾನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಕೆಲವರು ಮೊದಲು ಕೂತು ಜನರ ಮಾತು ಕಲಿತರು. ಅದೇ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದವರು, ನಮ್ಮ ಧಾರವಾಡದ ಕಡೆಯೂ ಇದ್ದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿದ್ದು 1894ರಲ್ಲಿ. ನಲವತ್ತು ವರ್ಷ! ಸುಮಾರು ಎಪ್ಪತ್ತು ಸಾವಿರ ಪದ. ನಾವು ಪಕ್ಕದ ಮನೆಯವರ ಮಾತನ್ನು ನಾಲ್ಕು ನಿಮಿಷ ಕೇಳುವುದಿಲ್ಲ.

ಮೂರನೇ_ಬೆಂಚು:
ಸಾರ್, ಅವರೂ ಬಂದಿದ್ದು ಮತ ಪ್ರಚಾರಕ್ಕೇ ಅಲ್ವಾ? ನಿಘಂಟು ಮುಂದಿಟ್ಟುಕೊಂಡು ಅದನ್ನು ಮುಚ್ಚಬೇಡಿ.

ಹಳೇ_ಹಾರ್ಮೋನಿಯಂ:
ಹೌದಪ್ಪಾ, ಅದಕ್ಕೇ ಬಂದರು. ಯಾರು ಇಲ್ಲ ಅಂದರು? ಬಂದ ಮೇಲೆ ಕೆಲವರು ಕನ್ನಡದ ಮೋಹಕ್ಕೆ ಬಿದ್ದರು. ಅದೇ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ, ಬಳ್ಳಾರಿಯಿಂದ ಬರುತ್ತಿತ್ತು.

ಮೂರನೇ_ಬೆಂಚು:
ಬಳ್ಳಾರಿ ಆಮೇಲೆ ಸಾರ್. ಶುರುವಾಗಿದ್ದು ಮಂಗಳೂರಲ್ಲೇ, ಜುಲೈ 1ಕ್ಕೆ, ಕಲ್ಲಚ್ಚಿನಲ್ಲಿ. ಅದಕ್ಕೇ ಪತ್ರಿಕಾ ದಿನ ಅವತ್ತು ಮಾಡುವುದು. ಮರುವರ್ಷ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಅಂತ ಹೆಸರಾಯಿತು. ಹೆಸರಲ್ಲೇ ಮಂಗಳೂರಿದೆ, ನೀವು ಬಳ್ಳಾರಿ ಅಂದರೆ ಹೇಗೆ.

ಹಳೇ_ಹಾರ್ಮೋನಿಯಂ:
ತಪ್ಪಾಯಿತು ಮಾರಾಯಾ.

ಪಕ್ಕದ_ಮನೆ:
ನಾನು ಕ್ರೈಸ್ತನಲ್ಲ, ಮಾತಾಡಬಹುದಾ? ನಮ್ಮಪ್ಪ ಐಸಿಯುನಲ್ಲಿ ಹನ್ನೆರಡು ದಿನ ಇದ್ದರು. ನಾನು ಹೊರಗೆ ಕಬ್ಬಿಣದ ಕುರ್ಚಿಯಲ್ಲಿ. ಆ ಹನ್ನೆರಡು ದಿನದಲ್ಲಿ ಇಬ್ಬರು ಕ್ರೈಸ್ತರು ಬಂದರು. ಒಬ್ಬರು ಯಾರೋ ಗೊತ್ತಿಲ್ಲ, ಕೈಗೆ ಕರಪತ್ರ ಕೊಟ್ಟು, "ನಂಬಿದರೆ ಗುಣ ಆಗುತ್ತೆ" ಅಂದು ಮುಂದಿನ ಕುರ್ಚಿಗೆ ಹೋದರು. ಅಪ್ಪ ಉಳಿಯಲಿಲ್ಲ. ಆ ಮಾತು ಈಗಲೂ ಚುಚ್ಚುತ್ತದೆ. ಅಂದರೆ ನಾನು ನಂಬದೇ ಇದ್ದಿದ್ದಕ್ಕೆ ಅಪ್ಪ ಹೋದರಾ?

ಇನ್ನೊಬ್ಬರು ನಮ್ಮ ಬೀದಿಯ ಆಂಟಿ. ದಿನಾ ಸಂಜೆ ಸಿಟಿ ಬಸ್ಸಲ್ಲಿ ಬಂದು ಒಂದು ಫ್ಲಾಸ್ಕ್ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದರು. ಅರ್ಧ ಗಂಟೆ ಕೂರುತ್ತಿದ್ದರು. ಮಾತು ಕಮ್ಮಿ. ಹೊರಡುವಾಗ "ರಾತ್ರಿ ನಿಮ್ಮಪ್ಪನ ಹೆಸರು ಹೇಳಿ ಬೇಡಿಕೊಳ್ತೀನಪ್ಪ" ಅನ್ನುತ್ತಿದ್ದರು. ಎರಡು ವರ್ಷ ಆದಮೇಲೆ ನಾನೇ ಅವರ ಮನೆಗೆ ಹೋಗಿ ಕೇಳಿದೆ, ಆಂಟಿ, ನೀವು ಏನಂತ ಬೇಡಿಕೊಳ್ತಿದ್ರಿ ಅಂತ. ನಾನು ಚರ್ಚಿಗೆ ಹೋಗುವವನಲ್ಲ, ಆಗುವುದೂ ಇಲ್ಲ. ಆದರೆ ಆಂಟಿ ಏನು ನಂಬುತ್ತಾರೆ ಅನ್ನುವುದು ನನಗೆ ಗೊತ್ತು. ಆ ಕರಪತ್ರದಲ್ಲಿ ಏನಿತ್ತು ಅಂತ ಗೊತ್ತಿಲ್ಲ.

ಕೌಂಟರ್ ಮೇಡಂ, ನಿಮ್ಮ ಅಕ್ಕ ಸುಮ್ಮನಿದ್ದಿದ್ದು ನಿಮ್ಮ ಮಾತಿಗಲ್ಲ ಅನ್ನಿಸುತ್ತದೆ. ಅಮ್ಮ ಹೋದ ಸುದ್ದಿ ಬಂದ ಗಳಿಗೆಯಲ್ಲಿ ಯಾರು ಏನಂದರೂ ಕಿವಿಗೆ ಬೀಳುವುದಿಲ್ಲ.

ನೈಟ್_ಡ್ಯೂಟಿ:
ಪಕ್ಕದ ಮನೆಯವರೇ, ನೀವು ಬರೆದಿದ್ದು ಓದಿ ನಾನು ಹಾಗೇ ಸ್ವಲ್ಪ ಹೊತ್ತು ಕೂತೆ. "ನಂಬಿದರೆ ಗುಣ" ಅನ್ನುವವರನ್ನು ವಾರ್ಡಿಂದ ನಾನೇ ಎಷ್ಟೋ ಸಲ ಹೊರಗೆ ಕಳಿಸಿದ್ದೇನೆ, ನಾನೂ ಅದೇ ದೇವರನ್ನು ನಂಬುವವಳು.

ಹದಿನೆಂಟು ವರ್ಷ ನರ್ಸ್ ಆಗಿದ್ದೇನೆ. ಒಂದು ಹೇಳಲಾ? "ಪ್ರಾರ್ಥನೆ ಮಾಡ್ತೀನಿ" ಅನ್ನುವುದು ನಮ್ಮಲ್ಲಿ ಎಷ್ಟೋ ಸಲ "ಸರಿ, ಇನ್ನು ಹೊರಡ್ತೀನಿ" ಅನ್ನುವುದರ ಇನ್ನೊಂದು ಹೆಸರು. ನಾನೂ ಹಾಗೆ ಅಂದು ಮರೆತಿದ್ದೇನೆ. ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಬೇಡಿಕೊಳ್ಳುತ್ತೇನೆ ಅನ್ನುವ ಮೊದಲು ಏನು ಬೇಕು ಅಂತ ಕೇಳುತ್ತೇನೆ. ಒಬ್ಬರು ತಾತ, ಹಳ್ಳಿಯವರು, ಮರುದಿನ ಬೆಳಿಗ್ಗೆ ಆಪರೇಷನ್. ರಾತ್ರಿ ಎರಡು ಗಂಟೆಗೂ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. ಆಪರೇಷನ್ ಭಯ ಅಂದುಕೊಂಡೆ. "ಏನು ತಾತ, ಏನಂತ ಬೇಡಿಕೊಳ್ಳಲಿ?" ಅಂದರೆ, "ಎಮ್ಮೆ ದಿನ ತುಂಬೈತೆ ಕಣವ್ವ, ಮನೇಲಿ ಮುದುಕಿ ಒಬ್ಳೇ" ಅಂದರು. ಅವರ ತಲೆಯಲ್ಲಿ ಆಪರೇಷನ್ನೇ ಇರಲಿಲ್ಲ! ಅಲ್ಲೇ ನಿಂತು ಎಮ್ಮೆಗೋಸ್ಕರ ಬೇಡಿಕೊಂಡೆ, ಕನ್ನಡದಲ್ಲಿ, ಎರಡು ಸಾಲು. ತಾತ ಕೈ ಮುಗಿದರು. ಯಾವ ದೇವರು ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕತ್ತಿನಲ್ಲಿ ಶಿಲುಬೆ ಇತ್ತು, ಕಾಣುತ್ತಿತ್ತು.

ಬೆಳಗಿನ_ಜಾವ:
ಎಮ್ಮೆ ಏನಾಯಿತು?

ನೈಟ್_ಡ್ಯೂಟಿ:
ಹೆಣ್ಣು ಕರು. ಡಿಸ್ಚಾರ್ಜ್ ದಿನ ಅವರ ಮಗ ಒಂದು ಬಾಟಲಿ ಗಿಣ್ಣದ ಹಾಲು ತಂದುಕೊಟ್ಟ.

ಮೀಟರ್_ಹಾಕ್ತೀನಿ:
ನಂದೊಂದು ಕೇಳಿ. ಬೆಂಗಳೂರಲ್ಲಿ ಆಟೋ ಓಡಿಸುತ್ತೇನೆ. ಹಿಂದಿನ ಗಾಜಿಗೆ "ಯೆಹೋವನು ನನಗೆ ಕುರುಬನು" ಅಂತ ದೊಡ್ಡ ಸ್ಟಿಕರ್. ಒಂದು ದಿನ ರಾತ್ರಿ ಮಳೆ, ಶಿವಾಜಿನಗರದ ಹತ್ತಿರ ವಯಸ್ಸಾದ ಹೆಂಗಸೊಬ್ಬರು ಹತ್ತಿದರು. ಒನ್ ಅಂಡ್ ಹಾಫ್ ಕೊಡಿ ಅಂದೆ. ಅವರು ಏನೂ ಅನ್ನಲಿಲ್ಲ. ಇಳಿದು ದುಡ್ಡು ಎಣಿಸಿ ಕೊಟ್ಟು, "ಸ್ಟಿಕರ್ ತೆಗೀಪ್ಪಾ, ಇಲ್ಲ ಮೀಟರ್ ಹಾಕು. ಸ್ಟಿಕರ್ರೂ ಒನ್ ಅಂಡ್ ಹಾಫೂ ಒಟ್ಟಿಗೆ ಬೇಡ" ಅಂದರು. ಆಮೇಲೆ ಗೊತ್ತಾಯಿತು, ಅವರೂ ಚರ್ಚಿನವರೇ, ಬೆಸಿಲಿಕಾದಿಂದ ಬರುತ್ತಿದ್ದರು.

ಸ್ಟಿಕರ್ ತೆಗೆಯಲಿಲ್ಲ. ಮೀಟರ್ ಹಾಕುತ್ತೇನೆ. ಸುಮಾರು ದಿನ. ಯಾವಾಗಲೂ ಅಂದರೆ ಸುಳ್ಳಾಗುತ್ತದೆ.

ಕೆಂಪು_ಹೆಂಚು:
"ಸುಮಾರು ದಿನ" 😂 ಇದೇ ನಿಜವಾದ ಸಾಕ್ಷಿ.

ಮೂರನೇ_ಬೆಂಚು:
ಎಲ್ಲ ಚೆನ್ನಾಗಿದೆ, ಆದರೆ ಒಂದು ವಿಷಯ ಯಾರೂ ಎತ್ತುತ್ತಿಲ್ಲ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಆಮೇಲೆ ಜನ ಪ್ರಾರ್ಥನೆ ಅನ್ನುವ ಪದಕ್ಕೇ ಹೆದರುತ್ತಿದ್ದಾರೆ. ಆ ಸಹೋದ್ಯೋಗಿ ತಮಾಷೆಗೆ ಅಂದಿದ್ದರೂ ಹೆದರಿಕೆ ತಮಾಷೆಯದಲ್ಲ.

ಬೆಳಗಿನ_ಜಾವ:
ಸಂವಿಧಾನದ 25ನೇ ವಿಧಿಯಲ್ಲಿ ಪ್ರಚಾರದ ಹಕ್ಕು ಇದೆ. ಯಾರಿಗೂ ಹೆದರಬೇಕಾಗಿಲ್ಲ.

ಮೂರನೇ_ಬೆಂಚು:
ಇದೆ. ಆದರೆ ನಂಬಿಕೆಯನ್ನು ತಿಳಿಸುವ ಹಕ್ಕು ಬೇರೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಬೇರೆ ಅಂತ ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲೇ ಹೇಳಿದೆ. ಕಾಯ್ದೆ ರದ್ದು ಮಾಡುವುದಾಗಿ 2023ರ ಜೂನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನ ಮಾಡಿತ್ತು. ಅದೇನೇ ಇರಲಿ, ದುಃಖದಲ್ಲಿರುವ ಅಕ್ಕನ ಕೈ ಹಿಡಿದು ಪ್ರಾರ್ಥನೆ ಮಾಡುತ್ತೇನೆ ಅಂದರೆ ಅದು ಯಾವ ಕಾಯ್ದೆಗೂ ಬರುವುದಿಲ್ಲ.

ಮಾಡರೇಟರ್:
ಕಾಯ್ದೆಯ ಚರ್ಚೆ ಇಲ್ಲಿಗೆ ಸಾಕು. ಸರ್ಕಾರ, ಪಕ್ಷ ಅಂತ ಶುರುವಾದರೆ ಬೀಗ ಹಾಕುತ್ತೇನೆ.

ಡೆಸ್ಕ್_ಪೂಜೆ:
ನನ್ನ ಪ್ರಶ್ನೆ ಇಲ್ಲೇ ಕೇಳಿಬಿಡುತ್ತೇನೆ. ಆಯುಧ ಪೂಜೆ ದಿನ ನಮ್ಮ ಆಫೀಸಲ್ಲಿ ಕಂಪ್ಯೂಟರಿಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಸಿಹಿ ಹಂಚುತ್ತಾರೆ. ಹೋದ ವರ್ಷ ನಾನು "ನಾವು ತಿನ್ನಲ್ಲ" ಅಂದುಬಿಟ್ಟೆ. ಹೊಸದಾಗಿ ಸೇರಿದ ಹುಡುಗಿ, ಪ್ರೀತಿಯಿಂದ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ಅವಳ ಮುಖ ಸಪ್ಪಗಾಯಿತು. ಒಂದು ಪೊಟ್ಟಣ ಕಡ್ಲೆಪುರಿಗೆ ಒಂದು ವರ್ಷದ ಸ್ನೇಹ ಹೋಯಿತು ಅನ್ನಿಸುತ್ತದೆ. ಈ ಸಲ ಏನು ಮಾಡಲಿ?

ಬೆಳಗಿನ_ಜಾವ:
ತಿನ್ನಬೇಡಿ. 1 ಕೊರಿಂಥ 10:28.

ಹಳೇ_ಹಾರ್ಮೋನಿಯಂ:
28 ಓದುವ ಮೊದಲು 27 ಓದು ತಮ್ಮಾ. ಊಟಕ್ಕೆ ಕರೆದರೆ ಮುಂದೆ ಇಟ್ಟಿದ್ದನ್ನು ತಿನ್ನಿ, ಕೆದಕಬೇಡಿ ಅಂತಿದೆ. ಇದು ನೈವೇದ್ಯ ಅಂತ ಯಾರಾದರೂ ಹೇಳಿದರೆ ಬಿಡಿ, ಅದೂ ಹೇಳಿದವನ ಮನಸ್ಸಾಕ್ಷಿಗೋಸ್ಕರ.

ಕೆಂಪು_ಹೆಂಚು:
ನಮ್ಮ ಮನೆಯಲ್ಲಿ ತಗೊಳ್ಳುತ್ತೇವೆ. ಮೊಂತಿ ಹಬ್ಬಕ್ಕೆ (ಮೇರಿ ಮಾತೆಯ ಹುಟ್ಟುಹಬ್ಬ), ಸೆಪ್ಟೆಂಬರ್ 8ಕ್ಕೆ, ಚರ್ಚಲ್ಲಿ ಆಶೀರ್ವಾದ ಮಾಡಿದ ತೆನೆ ತಂದು, ಹೊಸ ಭತ್ತ ಪಾಯಸಕ್ಕೆ ಹಾಕಿ ಊಟ ಮಾಡುತ್ತೇವೆ. ಪಕ್ಕದ ಭಟ್ರ ಮನೆಗೂ ಪಾಯಸ ಹೋಗುತ್ತದೆ. ಅವರು "ನಾವು ತಿನ್ನಲ್ಲ" ಅಂದರೆ ನಮಗೆ ಹೇಗಾಗುತ್ತದೆ?

ಬೆಳಗಿನ_ಜಾವ:
ಅದು ನಿಮ್ಮ ಸಭೆಯ ಪದ್ಧತಿ. ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ, ನಾನು ತಿನ್ನುವುದಿಲ್ಲ. ಆದರೆ "ನಾವು ತಿನ್ನಲ್ಲ" ಅನ್ನುವ ಧಾಟಿ ಬೇಡ, ಅದನ್ನು ಒಪ್ಪುತ್ತೇನೆ. ನಾನು ಎರಡೂ ಕೈ ಚಾಚಿ ಪೊಟ್ಟಣ ತಗೊಂಡು, ಹಬ್ಬದ ಶುಭಾಶಯ ಹೇಳಿ, ಗ್ಯಾರೇಜಿನ ಹುಡುಗರಿಗೆ ಕೊಡುತ್ತೇನೆ. ಕ್ರಿಸ್ಮಸ್‌ಗೆ ಎಲ್ಲರಿಗೂ ಕೇಕು ನನ್ನದೇ.

ಪಕ್ಕದ_ಮನೆ:
ತಿನ್ನದಿದ್ದರೂ ಪರವಾಗಿಲ್ಲ ಮಾರಾಯ್ರೇ. ಕೈ ಹಿಂದೆಗೆಯುತ್ತೀರಲ್ಲ, ಬಿಸಿ ತಾಗಿದ ಹಾಗೆ, ಅದೇ ಬೇಜಾರು. ಡೆಸ್ಕ್ ಪೂಜೆಯವರೇ, ಹಬ್ಬದ ತನಕ ಕಾಯಬೇಡಿ. ನಾಳೆಯೇ ಆ ಹುಡುಗಿ ಜೊತೆ ಟೀ ಕುಡಿಯಿರಿ.

ನೈಟ್_ಡ್ಯೂಟಿ:
ಇತರರ ಜೊತೆ ಹೇಗೆ ಮಾತಾಡುವುದು ಅಂತ ಇಷ್ಟು ಚರ್ಚೆ ಮಾಡುತ್ತಿದ್ದೇವೆ, ನಮ್ಮ ನಮ್ಮಲ್ಲೇ ಹೇಗೆ ಮಾತಾಡುತ್ತೇವೆ? ನಮ್ಮ ಸಭೆಯ ವಾಟ್ಸಾಪ್ ಗುಂಪಲ್ಲಿ "ಪ್ರಾರ್ಥನಾ ವಿನಂತಿ" ಅಂತ ಬರುತ್ತದೆ. "ಇಂಥ ಸಹೋದರಿಯ ಮನೆಯಲ್ಲಿ ಗಂಡ ಹೆಂಡತಿ ಸಮಸ್ಯೆ, ದಯವಿಟ್ಟು ಪ್ರಾರ್ಥಿಸಿ." ಇನ್ನೂರು ಜನರ ಗುಂಪು! ಆ ಸಹೋದರಿ ಒಬ್ಬರಿಗೆ ಗುಟ್ಟಾಗಿ ಹೇಳಿಕೊಂಡಿದ್ದು. ಇದು ಪ್ರಾರ್ಥನೆಯಾ, ಚಾಡಿಯಾ? ಆಮೇಲೆ ಆ ಹೆಣ್ಣುಮಗಳು ಸಭೆಗೆ ಬರುವುದನ್ನೇ ಬಿಟ್ಟಳು.

ಮೀಟರ್_ಹಾಕ್ತೀನಿ:
ಕೈ ಮುಗಿದ ಎಮೋಜಿ ಹಾಕಿದ ಇನ್ನೂರು ಜನರಲ್ಲಿ ಪ್ರಾರ್ಥನೆ ಮಾಡಿದವರು ಎಷ್ಟೋ.

ಶಾರ್ಜಾ_ಶುಕ್ರವಾರ:
ನಾನು ಯುಎಇಯಲ್ಲಿ ಇರುವವನು, ಉಡುಪಿ ಕಡೆಯವನು. ಮೊದಲು ನಮಗೆ ಶುಕ್ರವಾರವೇ ದೊಡ್ಡ ಆರಾಧನೆ, ರಜೆ ಅವತ್ತು. 2022ರಿಂದ ಯುಎಇಯ ಹೆಚ್ಚಿನ ಕಡೆ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾಯಿತು, ನನ್ನ ಹೆಸರು ಮಾತ್ರ ಹಾಗೇ ಉಳಿಯಿತು. ಇಲ್ಲಿ ಚರ್ಚಿನ ಕಾಂಪೌಂಡ್ ಒಳಗೆ ಎಷ್ಟು ಬೇಕಾದರೂ ಹಾಡಿ, ಹೊರಗೆ ಪ್ರಚಾರ ಮಾಡುವ ಹಾಗಿಲ್ಲ. ಹಾಗಂತ ನಾನು ಮೂಕನಾಗಿಲ್ಲ. ರೂಮಲ್ಲಿ ನಾವು ಐವರು, ಒಬ್ಬರು ಪಾಕಿಸ್ತಾನದವರು. ನಾನು ಊಟಕ್ಕೆ ಮೊದಲು ಕಣ್ಣು ಮುಚ್ಚುವುದನ್ನು ಅವರು ನೋಡಿದ್ದಾರೆ, ಅವರು ಬೆಳಿಗ್ಗೆ ನಮಾಜಿಗೆ ಏಳುವಾಗ ಲೈಟ್ ಹಾಕದೆ ಕತ್ತಲಲ್ಲೇ ತಡಕಾಡುವುದನ್ನು ನಾನು ನೋಡಿದ್ದೇನೆ. ನನ್ನ ಮಗಳಿಗೆ ಜ್ವರ ಅಂತ ಗೊತ್ತಾದಾಗ "ದುವಾ ಮಾಡುತ್ತೇನೆ ಭಾಯ್" ಅಂದರು. ನನಗೆ ಒಂದು ಚೂರೂ ಬೇಜಾರಾಗಲಿಲ್ಲ, ಧೈರ್ಯ ಬಂತು. ಕೌಂಟರ್ ಅವರ ಮಾತು ಆ ಅಕ್ಕನಿಗೂ ಹಾಗೇ ತಾಗಿರಬಹುದಲ್ಲ?

ಹಳೇ_ಹಾರ್ಮೋನಿಯಂ:
ಇದು ಚೆನ್ನಾಗಿದೆ. ಕೌಂಟರ್ ತಂಗಿ, ನೀನು ಸೋಮವಾರ ಏನು ಮಾತಾಡಲಿ ಅಂತ ಕೇಳಿದೆಯಲ್ಲ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಹತ್ತಿರ ಅವನ ಮೂವರು ಗೆಳೆಯರು ಬಂದರಲ್ಲ, ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಷ್ಟೂ ದಿನ ಬಹಳ ಒಳ್ಳೆಯವರಾಗಿದ್ದರು. ಬಾಯಿ ತೆಗೆದರು ನೋಡು, ಎಲ್ಲ ಕೆಟ್ಟಿತು. ಏನೂ ಹೇಳಬೇಡ. ಕೂತುಕೋ.

ಬೆಳಗಿನ_ಜಾವ:
ಕೂತುಕೊಳ್ಳಿ. ಆದರೆ ಕೇಳಿದರೆ ಮುಚ್ಚಿಡಬೇಡಿ ಸಿಸ್ಟರ್. ಅಷ್ಟೇ ನನ್ನ ವಿನಂತಿ.

ಕೌಂಟರ್_ನಾಲ್ಕು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಮಂಗಳವಾರ, ನಿನ್ನೆ ನಡೆದಿದ್ದು ಹೇಳುತ್ತೇನೆ.

ಅಕ್ಕ ಬಂದರು. ಸಣ್ಣಗಾಗಿದ್ದಾರೆ. ಬೆಳಿಗ್ಗೆಯಿಂದ ರಶ್, ಮಾತಿಗೆ ಪುರಸೊತ್ತೇ ಇಲ್ಲ. ಮಧ್ಯಾಹ್ನ ನನ್ನ ಡಬ್ಬಿಯಿಂದ ಅವರ ತಟ್ಟೆಗೆ ಚಿತ್ರಾನ್ನ ಹಾಕಿದೆ, ತಿಂದರು. ಸಂಜೆ ಬಾಗಿಲು ಹಾಕಿದ ಮೇಲೆ ಅವರ ಕ್ಯಾಶ್ ಟ್ಯಾಲಿ ಆಗಲಿಲ್ಲ, ಐವತ್ತು ರೂಪಾಯಿ ಕಮ್ಮಿ. ಇಬ್ಬರೂ ಕೂತು ಹತ್ತರ ಕಟ್ಟು ಮತ್ತೆ ಎಣಿಸುತ್ತಿದ್ದೆವು. ತಲೆ ಎತ್ತದೆ ಅವರೇ ಕೇಳಿದರು.

"ಅವತ್ತು ಏನೋ ಅಂದ್ರಲ್ಲ, ಪ್ರಾರ್ಥನೆ ಮಾಡ್ತೀನಿ ಅಂತ. ಮಾಡಿದ್ರಾ?"

"ಮಾಡಿದೆ ಅಕ್ಕಾ. ದಿನಾ."

"ಏನಂತ?"

ನೈಟ್ ಡ್ಯೂಟಿ ಅವರೇ, ನಿಮ್ಮ ಮಾತು ಓದಿದ ಮೇಲೆ ನನಗೇ ನಾಚಿಕೆಯಾಗಿತ್ತು, ಏನು ಬೇಕು ಅಂತ ನಾನು ಕೇಳಿರಲಿಲ್ಲವಲ್ಲ. ಇದ್ದಿದ್ದನ್ನೇ ಹೇಳಿದೆ. "ನಿಮಗೆ ರಾತ್ರಿ ನಿದ್ದೆ ಬರಲಿ ಅಂತ ಯೇಸುಸ್ವಾಮಿ ಹತ್ತಿರ ಕೇಳ್ಕೊಂಡೆ. ನಮ್ಮಪ್ಪ ಹೋದಾಗ ನನಗೆ ನಿದ್ದೆ ಬರ್ತಿರಲಿಲ್ಲ, ಅದಕ್ಕೆ."

ಅಕ್ಕ ಸ್ವಲ್ಪ ಹೊತ್ತು ಎಣಿಸಿದರು. ಆಮೇಲೆ, "ಇನ್ನೂ ಬರ್ತಿಲ್ಲ. ಮುಂದುವರಿಸಿ" ಅಂದರು. ಸಣ್ಣಗೆ ನಕ್ಕರು. ನಾನೂ ನಕ್ಕೆ, ಆಮೇಲೆ ಇಬ್ಬರಿಗೂ ಅಳು ಬಂತು, ಮ್ಯಾನೇಜರ್ ಕ್ಯಾಬಿನ್‌ನಿಂದ ಇಣುಕಿ ನೋಡಿ ವಾಪಸ್ ಹೋದರು.

ಆ ತಮಾಷೆ ಮಾಡಿದವರು ಇನ್ನೂ ಹಾಗೇ ಇದ್ದಾರೆ. ಇವತ್ತು ಬೆಳಿಗ್ಗೆ ಸರ್ವರ್ ಡೌನ್ ಆದಾಗ "ಮೇಡಂ, ಇದಕ್ಕೂ ಒಂದು ಪ್ರಾರ್ಥನೆ ಮಾಡಿ" ಅಂದರು. ಈ ಸಲ ನಾನು "ನಿಮ್ಮ ಹೆಸರು ಹೇಳೇ ಮಾಡ್ತೀನಿ ಸಾರ್" ಅಂದೆ.

ಪಕ್ಕದ_ಮನೆ:
👏👏

ಮೀಟರ್_ಹಾಕ್ತೀನಿ:
ಐವತ್ತು ರೂಪಾಯಿ ಸಿಕ್ತಾ?

ಕೌಂಟರ್_ನಾಲ್ಕು:
ಸಿಕ್ತು ಅಣ್ಣಾ. ಡ್ರಾಯರ್ ಹಿಂದೆ ಬಿದ್ದಿತ್ತು.